ಎನರ್ಜಿ ಸಿಕ್ಕಿದ್ರೆ ಎಲೆಕ್ಟ್ರಾನ್ ಸ್ಪೀಡ್ ಆಗಲ್ಲ ಸಾರ್

ಸಂಪಾದಕರಿಗೆ ನಮಸ್ಕಾರ,

ನಿಮ್ಮ ವಿದ್ಯಾರ್ಥಿ ಪುರವಣಿಯಲ್ಲಿ ಬಂದ ಪರಮಾಣು ಲೇಖನ ಓದಿದೆ. ಬರೆದೋರು ಕಷ್ಟಪಟ್ಟಿದ್ದಾರೆ, ಭಾಷೆನೂ ಸರಾಗವಾಗಿದೆ, ಆದ್ರೆ ಚಿತ್ರದ ಕೆಳಗೆ ಎನರ್ಜಿ ಸಿಕ್ಕ ಎಲೆಕ್ಟ್ರಾನ್ ಇನ್ನೂ ಜೋರಾಗಿ ಸುತ್ತುತ್ತಾ ಹೊರಗಿನ ಕಕ್ಷೆಗೆ ಹೋಗುತ್ತೆ ಅಂತ ಹಾಕಿದ್ದೀರಲ್ಲ, ಅದ್ರಲ್ಲಿ ಸ್ಪೀಡಿನ ಮಾತು ಪೂರ್ತಿ ಉಲ್ಟಾ. ನಿಮ್ಮೊಬ್ಬರದೇ ಅಲ್ಲ ಬಿಡಿ, ಗೈಡುಗಳಲ್ಲೂ ಯೂಟ್ಯೂಬಲ್ಲೂ ಈ ಮಾತು ಓಡಾಡ್ತಾನೇ ಇರುತ್ತೆ. ನಾನು ಹನುಮಂತನಗರದಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಟ್ಯೂಷನ್ ಮಾಡೋನು, ಪ್ರತಿ ಬ್ಯಾಚಲ್ಲೂ ಇದನ್ನ ಅವರ ತಲೆಯಿಂದ ಕಿತ್ತು ಹಾಕೋದೇ ದೊಡ್ಡ ಕೆಲಸ, ಈಗ ಪೇಪರಲ್ಲೇ ಬಂದಿದೆ ಸಾರ್ ಅಂತ ಕಟಿಂಗ್ ತಂದು ತೋರಿಸ್ತಾರೆ, ಅದಕ್ಕೇ ಈ ಪತ್ರ.

ಹೈಡ್ರೋಜನ್ನೇ ತಗೊಳ್ಳಿ, ಒಂದೇ ಎಲೆಕ್ಟ್ರಾನ್, ಲೆಕ್ಕ ಸುಲಭ. ಮೊದಲನೇ ಲೆವೆಲ್ಲಲ್ಲಿ ಅದರ ಒಟ್ಟು ಎನರ್ಜಿ ಮೈನಸ್ 13.6 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಲೆಕ್ಕಕ್ಕೆ ಬಳಸೋ ಎನರ್ಜಿ ಅಳತೆ), ಎರಡನೇದರಲ್ಲಿ ಮೈನಸ್ 3.4. ಸೊನ್ನೆ ಅಂದ್ರೆ ಪರಮಾಣು ನಡುವಿನ ನ್ಯೂಕ್ಲಿಯಸ್ ಸಹವಾಸವೇ ಬೇಡ ಅಂತ ಬಿಟ್ಟು ಹೋದ ಎಲೆಕ್ಟ್ರಾನ್, ಅದರಿಂದ ಕೆಳಗಿರೋದೆಲ್ಲಾ ಮೈನಸ್, ಹಾಗಾಗಿ ಮೈನಸ್ 3.4 ಅನ್ನೋದೇ ಮೇಲಿನ ಲೆವೆಲ್ (ಇಷ್ಟಕ್ಕೇ ಅರ್ಧ ಕ್ಲಾಸು ಕಣ್ಣು ಕಣ್ಣು ಬಿಡುತ್ತೆ). ಮೇಲೆ ಹತ್ತೋಕೆ 10.2 ಬೇಕು. ಆದ್ರೆ ಆ 10.2 ಸ್ಪೀಡಿಗೆ ಹೋಗಲ್ಲ. ನೀಲ್ಸ್ ಬೋರ್ ಅನ್ನೋ ವಿಜ್ಞಾನಿಯ ಲೆಕ್ಕದ ಪ್ರಕಾರ ಮೊದಲನೇ ಕಕ್ಷೆಯಲ್ಲಿ ಸೆಕೆಂಡಿಗೆ ಸುಮಾರು 2,200 ಕಿಲೋಮೀಟರ್ ಓಡೋ ಎಲೆಕ್ಟ್ರಾನ್ ಎರಡನೇದಕ್ಕೆ ಹೋದ್ರೆ ಅದರ ಅರ್ಧ ಸ್ಪೀಡಿಗೆ ಬರುತ್ತೆ, ಕೈನೆಟಿಕ್ ಎನರ್ಜಿ, ಅಂದ್ರೆ ಓಟದ ಎನರ್ಜಿ, 13.6 ಇದ್ದದ್ದು 3.4ಕ್ಕೆ ಇಳಿಯುತ್ತೆ, ಪೊಟೆನ್ಷಿಯಲ್ ಎನರ್ಜಿ, ಅಂದ್ರೆ ಇರೋ ಜಾಗದ ಎನರ್ಜಿ, ಮೈನಸ್ 27.2ರಿಂದ ಮೈನಸ್ 6.8ಕ್ಕೆ ಏರುತ್ತೆ. ಒಂದು ಕಡೆ 20.4 ಏರಿಕೆ, ಇನ್ನೊಂದು ಕಡೆ 10.2 ಇಳಿಕೆ, ಉಳಿದ 10.2 ನಾವು ಹೊರಗಿನಿಂದ ಕೊಟ್ಟಿದ್ದು. ನ್ಯೂಕ್ಲಿಯಸ್ ಎಳೆತದಿಂದ ದೂರ ಹೋಗೋದಕ್ಕೇ ಎನರ್ಜಿ ಖರ್ಚಾಗುತ್ತೆ, ಓಟಕ್ಕಲ್ಲ.

ಗ್ರಹಗಳ ಥರ ಸುತ್ತೋ ಆ ಬೋರ್ ಚಿತ್ರವೂ 1913ರದು. 1926ರಲ್ಲಿ ಶ್ರೋಡಿಂಗರ್ ಸಮೀಕರಣ ಬಂದ ಮೇಲೆ ಗೆರೆ ಎಳೆದ ದಾರಿ ಅನ್ನೋದೇ ಹೋಯ್ತು, ಎಲೆಕ್ಟ್ರಾನ್ ಎಲ್ಲಿ ಸಿಗೋ ಸಾಧ್ಯತೆ ಎಷ್ಟು ಅಂತ ಹೇಳೋ ಆರ್ಬಿಟಲ್ ಬಂತು. ಹತ್ತನೇ ಕ್ಲಾಸಿನವರಿಗೆ ಬೋರ್ ಚಿತ್ರ ಸಾಕು, ನನಗೇನೂ ತಕರಾರಿಲ್ಲ, ಹಳೇ ಮಾದರಿ ಅಂತ ಒಂದು ಮಾತು ಹಾಕಿದ್ರೆ ಆಯ್ತು.

ನಿಜವಾಗ್ಲೂ ಹೇಳಬೇಕಿದ್ದದ್ದು ಲೇಖನದಲ್ಲಿ ಇಲ್ಲವೇ ಇಲ್ಲ. ಬೆಳಕಿನಿಂದ ಎನರ್ಜಿ ತಗೊಳ್ಳುವಾಗ ಪರಮಾಣು ನಮ್ಮ ಬಿಎಂಟಿಸಿ ಕಂಡಕ್ಟರ್ ಇದ್ದ ಹಾಗೆ, ಕರೆಕ್ಟಾಗಿ ಚಿಲ್ಲರೆ ಕೊಟ್ರೆ ಮಾತ್ರ ಟಿಕೆಟ್. 10.2ರ ಫೋಟಾನ್ (ಬೆಳಕಿನ ಕಣ) ಬಂದ್ರೆ ಹೈಡ್ರೋಜನ್ ನುಂಗುತ್ತೆ, 10 ಇದ್ರೂ ಬೇಡ, 11 ಇದ್ರೂ ಬೇಡ, ಹಾಗೇ ದಾಟಿ ಹೋಗುತ್ತೆ. 13.6 ಮೀರಿದ್ರೆ ಕಥೆ ಬೇರೆ, ಆಗ ಎಲೆಕ್ಟ್ರಾನ್ ಹೊರಗೇ ಬೀಳುತ್ತೆ, ಮಿಕ್ಕಿದ್ದನ್ನ ಓಟಕ್ಕೆ ಇಟ್ಕೊಳ್ಳುತ್ತೆ. ಬೆಳಕಲ್ಲದೆ ಇನ್ನೊಂದು ಎಲೆಕ್ಟ್ರಾನ್ ಬಂದು ಡಿಕ್ಕಿ ಹೊಡೆದ್ರೂ ಚಿಲ್ಲರೆ ತಂಟೆ ಇಲ್ಲ, ಬೇಕಾದಷ್ಟು ಕೊಟ್ಟು ಬಾಕಿ ವಾಪಸ್ ತಗೊಂಡು ಹೋಗುತ್ತೆ. 1914ರಲ್ಲಿ ಫ್ರಾಂಕ್ ಮತ್ತು ಹರ್ಟ್ಸ್ ಅನ್ನೋ ವಿಜ್ಞಾನಿಗಳು ಪಾದರಸದ ಆವಿಯಲ್ಲಿ ಎಲೆಕ್ಟ್ರಾನ್ ಹಾಯಿಸಿ ನೋಡಿದಾಗ ಪ್ರತಿ ಸಲವೂ 4.9 ಎಲೆಕ್ಟ್ರಾನ್ ವೋಲ್ಟ್ ಲೆಕ್ಕದಲ್ಲೇ ಎನರ್ಜಿ ಕಡಿಮೆ ಆಗಿದ್ದು ಇದೇ ಕಾರಣಕ್ಕೆ.

ಉದಾಹರಣೆ ಬೇಕಿದ್ರೆ ಊರಲ್ಲೇ ಇತ್ತಲ್ಲ, ನಮ್ಮ ರಸ್ತೆಗಳಲ್ಲಿದ್ದ ಹಳದಿ ಸೋಡಿಯಂ ದೀಪ. ಸೋಡಿಯಂಗೆ 11 ಎಲೆಕ್ಟ್ರಾನ್, ಒಳಗೆ 2, ಆಮೇಲೆ 8, ಹೊರಗೆ ಒಂಟಿಯಾಗಿ ಒಂದು. ಆ ಒಂದಕ್ಕೆ ಡಿಕ್ಕಿಯಲ್ಲಿ 2.1 ಎಲೆಕ್ಟ್ರಾನ್ ವೋಲ್ಟ್ ಸಿಕ್ಕಿದ್ರೆ 3ಎಸ್‌ನಿಂದ 3ಪಿಗೆ (ಎರಡೂ ಮೂರನೇ ಲೆವೆಲ್ಲಿನೊಳಗಿನ ಆರ್ಬಿಟಲ್ ಗುಂಪುಗಳು) ಹತ್ತುತ್ತೆ, ಅಲ್ಲಿ ಸರಾಸರಿ 16 ನ್ಯಾನೋಸೆಕೆಂಡ್ ಇದ್ದು ಇಳಿಯುತ್ತೆ, ಇಳಿಯುವಾಗ ಬಿಡೋದೇ 589.0 ಮತ್ತು 589.6 ನ್ಯಾನೋಮೀಟರಿನ ಹಳದಿ. ಬೀದಿ ದೀಪದೊಳಗೆ ಪ್ರೆಶರ್ ಜಾಸ್ತಿ, ಅದಕ್ಕೆ ಬಣ್ಣ ಸ್ವಲ್ಪ ಹರಡಿಕೊಂಡು ಚಿನ್ನದ ಬಣ್ಣಕ್ಕೆ ತಿರುಗಿರ್ತಿತ್ತು. ಎಲ್‌ಇಡಿ ಬಂದ ಮೇಲೆ ಅವು ಕಡಿಮೆ ಆದ್ವು, ಆದ್ರೆ ಅಡುಗೆಮನೆ ಗ್ಯಾಸ್ ಉರಿಗೆ ಚಿಟಿಕೆ ಉಪ್ಪು ಬಿದ್ದಾಗ ಬರೋ ಹಳದಿನೂ ಇದೇನೇ. ದೀಪಾವಳಿ ಪಟಾಕಿಯಲ್ಲಿ ಸ್ಟ್ರಾನ್ಷಿಯಂ ಕೆಂಪು, ಬೇರಿಯಂ ಹಸಿರು, ಅಲ್ಲಿ ಒಂಟಿ ಪರಮಾಣು ಬದಲು ಅವುಗಳ ಸಂಯುಕ್ತಗಳೇ ಹೆಚ್ಚಾಗಿ ಹೊಳೆಯೋದು, ತತ್ವ ಮಾತ್ರ ಅದೇ.

ಇನ್ನೊಂದು, 2, 8, 18, 32 ಅಂತ ಟೇಬಲ್ ಕೊಟ್ಟು ಎಲೆಕ್ಟ್ರಾನುಗಳು ಇದೇ ಕ್ರಮದಲ್ಲಿ ತುಂಬ್ತಾವೆ ಅಂದಿದ್ದೀರಿ. ಅದು ಒಂದೊಂದು ಕವಚದಲ್ಲಿ, ಅಂದ್ರೆ ಲೆವೆಲ್ಲಲ್ಲಿ, ಹೆಚ್ಚೆಂದ್ರೆ ಎಷ್ಟು ಹಿಡಿಸುತ್ತೆ ಅನ್ನೋ ಲೆಕ್ಕ, ತುಂಬೋ ಕ್ರಮ ಅಲ್ಲ. ಪೊಟ್ಯಾಸಿಯಂಗೆ 19 ಇದೆ, ಮೂರನೇದರಲ್ಲಿ 18ರವರೆಗೂ ಜಾಗ ಇದೆ, ಆದ್ರೂ 2, 8, 8, 1 ಯಾಕೆ? 4ಎಸ್, ಅಂದ್ರೆ ನಾಲ್ಕನೇ ಕವಚದ ಎಸ್ ಆರ್ಬಿಟಲ್ಲಿನ ಎಲೆಕ್ಟ್ರಾನ್, ನ್ಯೂಕ್ಲಿಯಸ್ ಹತ್ತಿರದವರೆಗೂ ನುಸುಳುತ್ತೆ, ಹಾಗಾಗಿ ಅಲ್ಲಿ ಅದರ ಎನರ್ಜಿ ಮೂರನೇ ಕವಚದ 3ಡಿಗಿಂತ ಕಡಿಮೆ. 3ಡಿ ತುಂಬೋಕೆ ಶುರು ಆಗೋದು 21ನೇ ಸ್ಕ್ಯಾಂಡಿಯಂನಲ್ಲಿ. ಸಿಇಟಿಗೆ ಓದೋ ಮಕ್ಕಳು ನಿಮ್ಮ ಟೇಬಲ್ ನಂಬಿಕೊಂಡು 2, 8, 9 ಅಂತ ಬರೆದ್ರೆ ಮಾರ್ಕ್ಸ್ ಕೊಡೋರು ಯಾರು?

ಇದರ ಉಪಯೋಗ ಏನು ಅಂತ ಕೇಳೋ ಮಕ್ಕಳಿಗೆ ನಾನು ಹೊಸಕೋಟೆ ತೋರಿಸ್ತೀನಿ. ಕೋರಮಂಗಲದಲ್ಲಿರೋ ಭಾರತೀಯ ಖಭೌತ ಸಂಸ್ಥೆಯೋರು ಲಡಾಖ್‌ನ ಹಾನ್ಲೆಯಲ್ಲಿರೋ 2 ಮೀಟರ್ ಟೆಲಿಸ್ಕೋಪನ್ನ ಹೊಸಕೋಟೆಯಲ್ಲಿ ಕೂತ್ಕೊಂಡೇ ಸ್ಯಾಟಲೈಟ್ ಮೂಲಕ ನಡೆಸ್ತಾರೆ. ನಕ್ಷತ್ರದ ಬೆಳಕನ್ನ ಬಿಡಿಸಿ ನೋಡಿದಾಗ 656.3 ನ್ಯಾನೋಮೀಟರಿನ ಕೆಂಪಲ್ಲಿ ಗೆರೆ ಕಂಡ್ರೆ ಅದು ಹೈಡ್ರೋಜನ್ ಎಲೆಕ್ಟ್ರಾನ್ ಎರಡು ಮತ್ತು ಮೂರನೇ ಲೆವೆಲ್ ನಡುವೆ ಹತ್ತಿಳಿದಿದ್ದು. ಅಷ್ಟು ದೂರದ ನಕ್ಷತ್ರದಲ್ಲಿ ಏನಿದೆ ಅಂತ ಗೊತ್ತಾಗೋದು ಈ ಗೆರೆಗಳಿಂದಲೇ.

ಮುಂದಿನ ವಾರದ ಪುರವಣಿಯಲ್ಲಿ ಸ್ಪೀಡಿನ ಸಾಲು ಮತ್ತು ಆ ಟೇಬಲ್, ಎರಡಕ್ಕೂ ತಿದ್ದುಪಡಿ ಹಾಕಿ, ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಲ್ಲ, ಮಕ್ಕಳು ಕತ್ತರಿಸಿ ನೋಟ್ಸಿಗೆ ಅಂಟಿಸಿಕೊಳ್ಳೋ ಸೈಜಲ್ಲಿ.

ಇಂತಿ,
ಒಬ್ಬ ಟ್ಯೂಷನ್ ಮೇಷ್ಟ್ರು
ಹನುಮಂತನಗರ, ಬೆಂಗಳೂರು