ಮೀನಿನ ದೃಷ್ಟಿನರ ಚಿಗುರುತ್ತದೆ, ನಮ್ಮದು ಚಿಗುರುವುದಿಲ್ಲ

ಮಾನ್ಯ ಸಂಪಾದಕರೇ,

‘ಮೀನಿನ ಕಣ್ಣಿನ ನರ ತುಂಡಾದರೂ ಮತ್ತೆ ಬೆಳೆಯುತ್ತದಂತೆ, ಇನ್ನು ಮನುಷ್ಯರಿಗೂ ಹೋದ ದೃಷ್ಟಿ ಬರುತ್ತದಂತೆ’ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಮೊದಲರ್ಧ ಅಪ್ಪಟ ನಿಜ. ಎರಡನೆಯ ಅರ್ಧ ಸದ್ಯಕ್ಕೆ ಸುಳ್ಳು. ದೃಷ್ಟಿನರ ಮೆಲ್ಲಮೆಲ್ಲನೆ ಸಾಯುವ ಗ್ಲಾಕೋಮಾ ಎಂಬ ಕಾಯಿಲೆ ಇರುವವರು ಅದನ್ನು ನಂಬಿ ಹನಿ ಔಷಧ ನಿಲ್ಲಿಸಿದರೆ ದುಬಾರಿಯಾಗುವ ಸುಳ್ಳು.

ನಮ್ಮ ಕಾಫಿ ಸೀಮೆಯಲ್ಲಿ ಇದನ್ನು ಗಿಡದ ಲೆಕ್ಕದಲ್ಲೇ ಹೇಳಬಹುದು. ಬುಡ ಬಿಟ್ಟು ಕಡಿದ ಕಾಫಿ ಗಿಡ ಚಿಗುರುವುದು ಬೇರು ಬದುಕಿರುವುದರಿಂದ. ದೃಷ್ಟಿನರದ ಬೇರು ಇರುವುದು ಕಣ್ಣಿನ ಒಳಪದರವಾದ ರೆಟಿನಾದಲ್ಲಿ. ಗ್ಯಾಂಗ್ಲಿಯನ್ ಕೋಶಗಳೇ ಆ ಬೇರು. ಮನುಷ್ಯನ ಒಂದೊಂದು ಕಣ್ಣಿನಿಂದಲೂ ಇಂಥ ಸುಮಾರು 10–12 ಲಕ್ಷ ಕೋಶಗಳ ಎಳೆಗಳು ಹುರಿಗೊಂಡು ಮಿದುಳಿಗೆ ಹೋಗುತ್ತವೆ. ನರವನ್ನು ಜಜ್ಜಿದರೆ ಮೀನಿನಲ್ಲಿ ಈ ಕೋಶಗಳು ಬಹುಪಾಲು ಉಳಿದುಕೊಳ್ಳುತ್ತವೆ. ಇಲಿಯಲ್ಲಿ ಎರಡು ವಾರ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಸತ್ತಿರುತ್ತವೆ. ಬೇರೇ ಒಣಗಿದ ಮೇಲೆ ಗೊಬ್ಬರ ಹಾಕಿ ಫಲವೇನು?

ಪ್ರಯೋಗಾಲಯಗಳಲ್ಲಿ ಇದನ್ನು ಹೆಚ್ಚಾಗಿ ನೋಡುವುದು ಬಂಗಾರದ ಮೀನು ಮತ್ತು ಜೀಬ್ರಾ ಮೀನಿನಲ್ಲಿ. ಶೃಂಗೇರಿಯ ತುಂಗೆಯಲ್ಲಿ ಭಕ್ತರು ಹಾಕುವ ಪುರಿಗೆ ಮುಗಿಬೀಳುವ ದೊಡ್ಡ ಮೀನುಗಳಿಗೆ ಇವು ದೂರದ ನೆಂಟರು. ಜೀಬ್ರಾ ಮೀನು ಬೆಳೆದರೆ 3–4 ಸೆಂಟಿಮೀಟರು. ಅದನ್ನು ಟ್ರೈಕೇನ್ ಎಂಬ ಅರಿವಳಿಕೆ ಬೆರೆಸಿದ ನೀರಿನಲ್ಲಿಟ್ಟು ಮಂಪರು ಬರಿಸಿ, ಒದ್ದೆ ಬಟ್ಟೆಯಲ್ಲಿ ಹಿಡಿದು, ಕಣ್ಣಿನ ಸುತ್ತಲಿನ ತೆಳು ಪೊರೆ ಬಿಡಿಸಿ ಗುಡ್ಡೆಯನ್ನು ಮೆಲ್ಲನೆ ಹೊರಳಿಸಿದರೆ ಹಿಂದೆ ಬಿಳಿ ದಾರದಂತೆ ನರ ಕಾಣುತ್ತದೆ. ಸೂಕ್ಷ್ಮ ಚಿಮಟದಿಂದ ಅದನ್ನು ಕೆಲವೇ ಸೆಕೆಂಡು ಅದುಮಿ ಬಿಡುತ್ತಾರೆ. ಕೆಲಸ ಕೆಡುವುದು ಎರಡು ಕಡೆ. ನರದ ಜೊತೆಗೇ ಇರುವ ರಕ್ತನಾಳಕ್ಕೆ ಪೆಟ್ಟಾದರೆ ರಕ್ತ ಸಿಗದೆ ರೆಟಿನಾ ಸಾಯುತ್ತದೆ. ಆಗ ನರ ಬೆಳೆಯಲಿಲ್ಲ ಎಂದು ಬರೆದುಕೊಂಡರೆ ತಪ್ಪು ನರದ್ದಲ್ಲ. ಅದುಮಿದ್ದು ಸಾಲದೆ ಕೆಲವು ಎಳೆಗಳು ಉಳಿದುಬಿಟ್ಟರೆ, ಅವನ್ನೇ ಹೊಸದಾಗಿ ಬೆಳೆದವು ಎಂದು ಲೆಕ್ಕ ಹಿಡಿಯುವ ಅಪಾಯ. ‘ನರ ಬೆಳೆಸಿದೆವು’ ಎಂಬ ಯಾವ ಸುದ್ದಿ ಓದಿದರೂ ಈ ಎರಡನೆಯದನ್ನು ಮೊದಲು ಕೇಳಬೇಕು.

ಜೀಬ್ರಾ ಮೀನಿನ ಎಳೆಗಳು ಒಂದೆರಡು ವಾರದಲ್ಲಿ ಮಿದುಳಿನ ಟೆಕ್ಟಮ್ ಎಂಬ ಭಾಗ ಮುಟ್ಟುತ್ತವೆ. ಕಪ್ಪು–ಬಿಳಿ ಪಟ್ಟೆಯ ಡಬ್ಬಿಯನ್ನು ಮೀನಿನ ಸುತ್ತ ತಿರುಗಿಸಿದರೆ, ಮೂರು–ನಾಲ್ಕು ವಾರಕ್ಕೆ ಆ ಕಣ್ಣು ಮತ್ತೆ ಪಟ್ಟೆಯನ್ನು ಹಿಂಬಾಲಿಸುತ್ತದೆ. ನೀರು ತಣ್ಣಗಿದ್ದರೆ ಎಲ್ಲವೂ ನಿಧಾನ. ಎಳೆಗಳು ಎಲ್ಲೆಂದರಲ್ಲಿ ಹೋಗಿ ಕೂರುವುದೂ ಇಲ್ಲ, ತಂತಮ್ಮ ಹಳೆಯ ಜಾಗಕ್ಕೇ ಮರಳುತ್ತವೆ. ಇದನ್ನು ಬಂಗಾರದ ಮೀನಿನಲ್ಲಿ 1963ರಲ್ಲಿ ತೋರಿಸಿದವರಲ್ಲಿ ಅಮೆರಿಕದ ವಿಜ್ಞಾನಿ ರೋಜರ್ ಸ್ಪೆರ್ರಿ ಒಬ್ಬರು.

ಮೀನಿಗೆ ಸಾಧ್ಯ, ನಮಗೇಕಿಲ್ಲ? ಮೀನಿನ ಕಣ್ಣು ಬದುಕಿರುವಷ್ಟು ಕಾಲವೂ ದೊಡ್ಡದಾಗುತ್ತಲೇ ಇರುತ್ತದೆ. ರೆಟಿನಾದ ಅಂಚಿನಲ್ಲಿ ಹೊಸ ಕೋಶ ಹುಟ್ಟಿ, ಅದರ ಎಳೆ ಮಿದುಳಿಗೆ ಹೋಗುವುದು ಅಲ್ಲಿ ದಿನನಿತ್ಯದ ಕೆಲಸ. ಹಾಗಾಗಿ ದಾರಿ ಮುಚ್ಚಿರುವುದೇ ಇಲ್ಲ. ನಮ್ಮಲ್ಲಿ ನಾವು ಹುಟ್ಟುವ ಹೊತ್ತಿಗೇ ಆ ಕೆಲಸ ಮುಗಿದಿರುತ್ತದೆ. ಸಾಲದ್ದಕ್ಕೆ ಗಾಯದ ಜಾಗದಲ್ಲಿ ಗಟ್ಟಿ ಕಲೆ ಕಟ್ಟುತ್ತದೆ, ಎಳೆಗಳ ಹೊದಿಕೆಯಾದ ಮಯಲಿನ್‌ನಲ್ಲಿ ಬೆಳವಣಿಗೆಗೆ ತಡೆಹಾಕುವ ನೋಗೋ ಮುಂತಾದ ಪ್ರೋಟೀನುಗಳಿವೆ. ಕೈಬೆರಳಿನ ನರ ಕಡಿದರೆ ಹೊಲಿದ ಮೇಲೆ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯುತ್ತದಲ್ಲ ಎಂದು ಕೇಳುವವರಿದ್ದಾರೆ. ಅದು ಮಿದುಳಿನ ಹೊರಗಿನ ನರ. ದೃಷ್ಟಿನರವೋ ಮಿದುಳಿನದೇ ಭಾಗ. ಈ ವ್ಯತ್ಯಾಸವನ್ನೇ ಬಳಸಿಕೊಂಡು 1985ರಲ್ಲಿ ಕೆನಡಾದ ಆಲ್ಬರ್ಟ್ ಅಗುವಾಯೊ ತಂಡ ಇಲಿಯ ಕಾಲಿನ ನರದ ತುಂಡನ್ನು ಕಣ್ಣಿಗೆ ಕಸಿ ಮಾಡಿತು. ಕೆಲವು ಎಳೆಗಳು ಆ ತುಂಡಿನೊಳಗೆ ಉದ್ದಕ್ಕೂ ಬೆಳೆದವು. ಅಂದರೆ ನೆಲ ಬದಲಾದರೆ ನಮ್ಮ ಜಾತಿಯ ಬೇರೂ ಸ್ವಲ್ಪ ಚಿಗುರೀತು.

2008ರಲ್ಲಿ ಇಲಿಯ ಕೋಶಗಳಲ್ಲಿ ಪಿಟೆನ್ ಎಂಬ ಜೀನನ್ನು ತೆಗೆದು ವಿಜ್ಞಾನಿಗಳು ಎಳೆಗಳನ್ನು ಇನ್ನಷ್ಟು ಬೆಳೆಸಿದರು. ಆದರೆ ಪಿಟೆನ್ ಕ್ಯಾನ್ಸರ್ ತಡೆಯುವ ಜೀನ್. ಮನುಷ್ಯರಲ್ಲಿ ಸುಮ್ಮನೆ ಕಿತ್ತುಹಾಕುವಂಥದ್ದಲ್ಲ. ಮಿದುಳು ತಲುಪಿದ ಎಳೆಗಳಿಗೂ ಮಯಲಿನ್ ಹೊದಿಕೆ ಕೂರದೆ ಸಂಕೇತ ಸರಿಯಾಗಿ ಸಾಗುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ದೃಷ್ಟಿನರವನ್ನು ಮತ್ತೆ ಬೆಳೆಸುವ, ಮಾನ್ಯತೆ ಪಡೆದ ಚಿಕಿತ್ಸೆ ಇವತ್ತಿಗೆ ಮನುಷ್ಯರಿಗೆ ಇಲ್ಲ. ‘ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟು ನರ ಚಿಗುರಿಸುತ್ತೇವೆ’ ಎಂದು ಲಕ್ಷ ಕೇಳುವವರಿಗೆ ತೋಟ ಅಡವಿಡಬೇಡಿ. ಮೀನು ತಿಂದರೂ ಮೀನೆಣ್ಣೆ ಕುಡಿದರೂ ಮೀನಿನ ಈ ಗುಣ ನಮಗೆ ಬರುವುದಿಲ್ಲ.

ಉಳಿದಿರುವ ಎಳೆಗಳನ್ನು ಕಾಯುವುದಷ್ಟೇ ನಮ್ಮ ಕೈಲಿರುವುದು. ಪೊರೆ ಬಂದರೆ ಆಪರೇಷನ್ ಮಾಡಿ ದೃಷ್ಟಿ ತರಬಹುದು, ಅಲ್ಲಿ ಕೆಟ್ಟಿರುವುದು ಮಸೂರ. ಗ್ಲಾಕೋಮಾದಲ್ಲಿ ಹೋದದ್ದು ಹೋಯಿತು. ಔಷಧ ಹಾಕುವಾಗ ಒಂದೇ ಹನಿ ಸಾಕು. ಕಣ್ಣು ಮುಚ್ಚಿ ಮೂಗಿನ ಬದಿಯ ಮೂಲೆಯನ್ನು ಎರಡು ನಿಮಿಷ ಒತ್ತಿಹಿಡಿಯಿರಿ, ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಿ. ನೋವಿಲ್ಲ, ಚೆನ್ನಾಗೇ ಕಾಣುತ್ತಿದೆ ಎಂದು ನಿಲ್ಲಿಸಬೇಡಿ. ನಡುವಿನ ನೋಟ ಕೊನೆಯವರೆಗೂ ಉಳಿದು ಅಂಚು ಮೊದಲು ಸವೆಯುವುದು ಈ ಕಾಯಿಲೆಯ ಮೋಸ. ಇನ್ನು ತೋಟದ ಮರಗಳ ಕೊಂಬೆ ಕಡಿಯುವ ಮರಗಸಿಯ ಸಮಯದಲ್ಲಿ ಕಣ್ಣಿಗೆ ಕಡ್ಡಿ, ಹೊಟ್ಟು ತಾಗಿ ಕೆಂಪಾದಾಗ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಳ್ಳುವ ಸ್ಟೀರಾಯ್ಡ್ ಹನಿ: ಕೆಂಪು ಬೇಗ ಇಳಿಯುತ್ತದೆ, ಆದರೆ ಗಾಯದ ಸೋಂಕು ಉಲ್ಬಣಿಸಬಹುದು. ವಾರಗಟ್ಟಲೆ ಹಾಕಿದರೆ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡವೇರಿ ಇದೇ ದೃಷ್ಟಿನರ ಸಾಯುತ್ತದೆ. ಅದನ್ನು ಚೀಟಿಯಿಲ್ಲದೆ ಕೊಡದಂತೆ ಔಷಧ ನಿಯಂತ್ರಣ ಇಲಾಖೆ ಕಾಫಿ ಸೀಮೆಯ ಅಂಗಡಿಗಳ ಮೇಲೆ ಕಣ್ಣಿಡಲಿ.

– ಇಬ್ಬರು ಪ್ರಾಣಿಶಾಸ್ತ್ರ ಅಧ್ಯಾಪಕರು, ಚಿಕ್ಕಮಗಳೂರು