ಸೊರಾರಿಟಿ ಡ್ಯೂಸ್ ಬೇರೆ, ದೇಣಿಗೆ ಬೇರೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ಈ ಸಲ ಸೊರಾರಿಟಿ (ಕಾಲೇಜು ಹುಡುಗಿಯರ ಸಂಘ), ಫ್ರಟರ್ನಿಟಿ (ಹುಡುಗರ ಸಂಘ) ಸೇರುತ್ತಿರುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಈ ಸೂಚನೆ.

"ಡ್ಯೂಸ್ ಕಟ್ಟಿದ ಮೇಲೂ ಯಾಕೆ ದುಡ್ಡು ಕೇಳ್ತಾರೆ?" ಅಂತ ಮೂರು ಜನ ಕೇಳಿದ್ದೀರಿ. ಡ್ಯೂಸ್ ಅಂದರೆ ಸದಸ್ಯತ್ವದ ಹಣ. ಚಾಪ್ಟರ್ (ಆಯಾ ಕಾಲೇಜಿನ ಶಾಖೆ) ಖರ್ಚು, ರಾಷ್ಟ್ರೀಯ ಕಚೇರಿಯ ಶುಲ್ಕ, ವಿಮೆ ಎಲ್ಲ ಅದರಲ್ಲೇ. ಕಟ್ಟಲೇಬೇಕು. ಫಂಡ್‌ರೈಸಿಂಗ್ (ಹಣ ಎತ್ತುವುದು) ಹಾಗಲ್ಲ, ಅದು ಹೆಚ್ಚಾಗಿ ದಾನಕ್ಕೆ. ಟ್ರೈ ಡೆಲ್ಟಾ ಅನ್ನುವ ಸೊರಾರಿಟಿಯವರು 1999ರಿಂದ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಗೆ ಹಣ ಎತ್ತುತ್ತಿದ್ದಾರೆ, ಕೈ ಒಮೆಗಾ ಸೊರಾರಿಟಿಯವರು ಕಾಯಿಲೆ ಮಕ್ಕಳ ಆಸೆ ಈಡೇರಿಸುವ ಮೇಕ್-ಎ-ವಿಶ್ ಸಂಸ್ಥೆಗೆ. ಹೀಗೆ ದಾನಕ್ಕೆ ಅಂತ ಪ್ಯಾನ್‌ಕೇಕ್ ಮಾರಿದ ದುಡ್ಡಲ್ಲಿ ಮಗಳ ಡ್ಯೂಸ್ ತೀರುತ್ತೆ ಅಂತ ನಾನೂ ಸುಮ್ನೆ ಖುಷಿಪಟ್ಟಿದ್ದೆ!

ಡ್ಯೂಸ್‌ಗೆ ತೆರಿಗೆ ವಿನಾಯಿತಿ ಇಲ್ಲ. 501(ಸಿ)(3) ಫೌಂಡೇಶನ್‌ಗೆ (ಅಮೆರಿಕದ ತೆರಿಗೆ ಕಾನೂನಿನಡಿ ದತ್ತಿ ಸಂಸ್ಥೆಗೆ) ಕೊಟ್ಟ ದೇಣಿಗೆಗೆ ಸಿಗಬಹುದು, ರಸೀದಿ ಇಟ್ಟುಕೊಳ್ಳಿ.

ಮಕ್ಕಳು ಸಹಿ ಹಾಕುವ ಮೊದಲು ಮೂರು ವಿಷಯ ಕೇಳಿಸಿ:
- ಮೊದಲ ವರ್ಷದ ಒಟ್ಟು ಹಣ ಎಷ್ಟು? (ಸಾಮಾನ್ಯವಾಗಿ ಜಾಸ್ತಿ ಇರುತ್ತೆ)
- ಮನೆ ಬಾಡಿಗೆ, ಊಟ ಸೇರಿದೆಯಾ?
- ಕಂತಿನಲ್ಲಿ ಕಟ್ಟಬಹುದಾ?

ಭಾನುವಾರ ಸಂಜೆ 7ಕ್ಕೆ ವಿಡಿಯೊ ಕರೆಯಲ್ಲಿ ಮಾತಾಡೋಣ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಹೋದ ವರ್ಷ ಡ್ಯೂಸ್ ಕಟ್ಟಿದವರು ದಯವಿಟ್ಟು ಈ ಕರೆ ತಪ್ಪಿಸಬೇಡಿ.