ನಕ್ಷೆಯೊಳಗೆ ಮುಳುಗಿದ ಕಣಿವೆ

ಮಾನ್ಯ ಸಂಪಾದಕರೇ,

ಪ್ರೌಢಶಾಲೆಯಲ್ಲಿ ಭೂಗೋಳ ಪಾಠ ಮಾಡುವ ನಾನು ಕಳೆದ ವಾರ ಕೆನಡಾದ ಹುಲ್ಲುಗಾವಲು ಪ್ರಾಂತ್ಯವಾದ ಸಸ್ಕಾಚೆವಾನ್‌ನ ಎರಡು ನಕ್ಷೆಗಳನ್ನು ಮಕ್ಕಳ ಮುಂದೆ ಹರಡಿದೆ. ಹಳೆಯದರಲ್ಲಿ ದಕ್ಷಿಣ ಸಸ್ಕಾಚೆವಾನ್ ನದಿ ಒಂದು ತೆಳುಗೆರೆ ಮಾತ್ರ. 1967ರಲ್ಲಿ 64 ಮೀಟರ್ ಎತ್ತರದ ಗಾರ್ಡಿನರ್ ಅಣೆಕಟ್ಟು ಪೂರ್ಣಗೊಂಡ ನಂತರದ ನಕ್ಷೆಯಲ್ಲಿ ಅದೇ ಜಾಗದಲ್ಲಿ ಸುಮಾರು 225 ಕಿ.ಮೀ. ಉದ್ದದ ಡೀಫನ್‌ಬೇಕರ್ ಸರೋವರವಿದ್ದು, ಅಕ್ಕಪಕ್ಕದ ಒಣ ಕೊರಕಲುಗಳಿಗೆಲ್ಲ ನೀರು ಬೆರಳುಗಳಂತೆ ಚಾಚಿಕೊಂಡಿದೆ. ಹೊಸ ನಕ್ಷೆಯಲ್ಲಿ ಗಾರ್ಡಿನರ್ ಜೊತೆಗೆ ಇನ್ನೊಂದು ಅಣೆಕಟ್ಟೂ ಇರುವುದನ್ನು ಕಂಡು, ಒಂದೇ ಜಲಾಶಯಕ್ಕೆ ಎರಡು ಅಣೆಕಟ್ಟುಗಳೇಕೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಒಂದೇ ಎತ್ತರದ ಸ್ಥಳಗಳನ್ನು ಜೋಡಿಸುವ ಸಮೋನ್ನತ ರೇಖೆಯೊಂದರ ಮೇಲೆ ನೀಲಿ ಪೆನ್ಸಿಲ್ ಆಡಿಸಿದಾಗ ಉತ್ತರ ಅವಳಿಗೇ ಹೊಳೆಯಿತು: ಏರಿದ ನೀರು ಪಕ್ಕದ ಕ್ವಾಪೆಲ್ ಕಣಿವೆಗೆ ಹರಿದುಹೋಗದಂತೆ ಅಲ್ಲಿಯೂ ಒಂದು ಕಟ್ಟೆ ಬೇಕಿತ್ತು. (ನಾನು ಹೇಳಿದ್ದರೆ ಮರುದಿನವೇ ಮರೆಯುತ್ತಿದ್ದಳು.)

ಇದೇ ಪಾಠವನ್ನು ನಮ್ಮ ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿರುವ ಮಾರ್ಕೋನಹಳ್ಳಿ ಜಲಾಶಯವನ್ನಿಟ್ಟುಕೊಂಡು ಮಾಡೋಣವೆಂದರೆ ಅಣೆಕಟ್ಟಿಗೆ ಮುಂಚಿನ ಸರ್ವೆ ನಕ್ಷೆಯೇ ಸಿಗುತ್ತಿಲ್ಲ. ಕಚೇರಿಯೊಂದರಲ್ಲಿ ಕಂಡ ಒಂದೇ ಪ್ರತಿಯೂ ಮಡಿಕೆಯುದ್ದಕ್ಕೂ ಹರಿದು, ಸರಿಯಾಗಿ ಹೊಳೆಯ ಜಾಗದಲ್ಲೇ ತೂತಾಗಿತ್ತು. ಜಿಲ್ಲೆಯ ಜಲಾಶಯಗಳ ಹಳೆಯ ಮತ್ತು ಹೊಸ ನಕ್ಷೆಗಳನ್ನು ತುಮಕೂರಿನ ಗ್ರಂಥಾಲಯದಲ್ಲಿ ಅಕ್ಕಪಕ್ಕ ತೂಗುಹಾಕಿಸಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ.

ಇಂತಿ,
ಭೂಗೋಳ ಶಿಕ್ಷಕ, ತುಮಕೂರು